"ಬೇಕಂತಲೇ ಮಾಡ್ತಾನೆ" ಅನ್ನೋ ಮಾತು

ನಿಮ್ಮ ಪತ್ರ ಎರಡು ಸಲ ಓದ್ದೆ. ಬೌದ್ಧಿಕ ವಿಕಲತೆ ಇರೋರ ವಸತಿ ಕೇಂದ್ರದಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡ್ತಿದೀರಿ, ಮಾತು ಬಾರದ ಒಬ್ಬ ಯುವಕ ಸ್ನಾನಕ್ಕೆ ಕರೆದಾಗೆಲ್ಲ ತಲೆ ಗೋಡೆಗೆ ಚಚ್ಕೋತಾನೆ, ಹತ್ರ ಹೋದ್ರೆ ಕಚ್ತಾನೆ, ಜೊತೆ ಕೆಲಸದವರು "ಎಲ್ಲಾ ನಾಟಕ" ಅಂತಾರೆ, ನಿಮಗೂ ಸಿಟ್ಟು ಬರುತ್ತೆ, ಆಮೇಲೆ ಆ ಸಿಟ್ಟಿಗೇ ನಾಚಿಕೆ ಆಗುತ್ತೆ ಅಂತ ಬರ್ದಿದೀರಿ.

ಕಚ್ಚಿಸ್ಕೊಂಡೋರಿಗೆ ಸಿಟ್ಟು ಬರದೇ ಇರುತ್ತಾ? ಅದಕ್ಕೆ ನಾಚಬೇಡಿ. ಆದ್ರೆ ಸಿಟ್ಟು ಬರೀ ಗಾಯದಿಂದ ಬರಲ್ಲ, "ಬೇಕಂತಲೇ ಮಾಡ್ದ" ಅಂತ ನಂಬಿದ್ರೆ ಇನ್ನೂ ಜಾಸ್ತಿ ಆಗುತ್ತೆ. ಮನಶ್ಶಾಸ್ತ್ರಜ್ಞ ಬರ್ನಾರ್ಡ್ ವೀನರ್ 1980ರಲ್ಲೇ ಹೇಳಿದ್ರು, ಎದುರಿಗಿರೋರ ಕಷ್ಟ ಅವರ ಹಿಡಿತದಲ್ಲೇ ಇದೆ ಅನ್ಸಿದ್ರೆ ನಮಗೆ ಸಿಟ್ಟು, ಕೈ ಮೀರಿದ್ದು ಅನ್ಸಿದ್ರೆ ಕನಿಕರ, ಕನಿಕರ ಬಂದಾಗ್ಲೇ ಸಹಾಯಕ್ಕೆ ಕೈ ಮುಂದಾಗೋದು ಅಂತ. ಆರೈಕೆ ಸಿಬ್ಬಂದಿ ಮೇಲೂ ಇದನ್ನ ಪರೀಕ್ಷೆ ಮಾಡಿದಾರೆ, ಎಲ್ಲಾ ಕಡೆ ಒಂದೇ ಥರ ಉತ್ತರ ಬಂದಿಲ್ಲ. ಆದ್ರೂ "ನಾಟಕ" ಅನ್ನೋ ಪದ ನನಗೆ ಹಿಡಿಸಲ್ಲ, ಯಾಕಂದ್ರೆ ಅದು ಬಾಯಿಗೆ ಬಂದ್ಮೇಲೆ ಯಾರೂ "ಯಾಕೆ?" ಅಂತ ಕೇಳಲ್ಲ.

ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ. "ಗಲಾಟೆ ಮಾಡಿದ ದಿನ ಸ್ನಾನ ಬಿಟ್ಬಿಡ್ತೀವಿ" ಅಂದಿದೀರಿ. ಅಂದ್ರೆ ತಲೆ ಚಚ್ಕೊಂಡ್ರೆ ಸ್ನಾನ ತಪ್ಪುತ್ತೆ, ಮಾತಿಲ್ಲದ ಅವನಿಗೆ "ಬೇಡ" ಅನ್ನೋಕೆ ಸಿಕ್ಕಿರೋ ದಾರಿ ಬಹುಶಃ ಅದೊಂದೇ, ನಮಗೇ ಗೊತ್ತಾಗದ ಹಾಗೆ ನಾವೇ ಅದನ್ನ ಕಲಿಸಿರ್ತೀವಿ. ಹಾಗಂತ ನಾಳೆಯಿಂದ ಬಲವಂತವಾಗಿ ಎಳ್ಕೊಂಡು ಹೋಗಬೇಡಿ, ದಯವಿಟ್ಟು. ಯಾಕೆ ಬೇಡ ಅಂತಾನೆ ನೋಡಿ: ನೀರು ಬಿಸಿಯಾ, ಷವರ್ ಸದ್ದಾ, ದಿನಕ್ಕೊಬ್ರು ಬಂದು ಬಟ್ಟೆ ಬಿಚ್ತಾರಾ? ಕಾರ್ ಮತ್ತು ಡುರಾಂಡ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 1985ರಲ್ಲಿ ತೋರಿಸಿದ್ದೂ ಇದನ್ನೇ, ಸಹಾಯ ಅಥವಾ ಗಮನ ಕೇಳೋಕೆ ಮಕ್ಕಳಿಗೆ ಒಂದು ಸಣ್ಣ ಮಾತು ಕಲಿಸಿದಾಗ ಅವರ ಗಲಾಟೆ ಕಮ್ಮಿ ಆಯ್ತು. ಇವನಿಗೆ ಮಾತಿನ ಬದಲು "ಸಾಕು" ಅನ್ನೋ ಒಂದು ಚಿತ್ರದ ಕಾರ್ಡ್ ಕೊಡಿ, ತೋರಿಸಿದ ತಕ್ಷಣ ನಿಜವಾಗ್ಲೂ ನಿಲ್ಲಿಸಿ, ನಿಲ್ಲಿಸದಿದ್ರೆ ಕಾರ್ಡ್ ಮೇಲೆ ಅವನಿಗೆ ನಂಬಿಕೆ ಹೋಗುತ್ತೆ.

ಎಲ್ಲಕ್ಕಿಂತ ಮೊದಲು ಕಿವಿ, ಹಲ್ಲು, ಮಲಬದ್ಧತೆ ಚೆಕ್ ಮಾಡಿಸಿ. ಕಿವಿನೋವಿಗೂ ತಲೆ ಚಚ್ಕೊಳ್ಳೋರಿದಾರೆ, ಡಾಕ್ಟರ್ ಕೂಡ ಕೆಲವು ಸಲ "ಇವರು ಇರೋದೇ ಹೀಗೆ" ಅಂತ ನೋವನ್ನ ನೋಡದೇ ಕಳಿಸಿಬಿಡ್ತಾರೆ. ಅದಕ್ಕೇ ಎರಡು ವಾರ ಒಂದು ನೋಟ್‌ಬುಕ್ ಇಡಿ, ಪ್ರತಿ ಸಲ ಮುಂಚೆ ಏನಾಯ್ತು, ಅವನು ಏನ್ ಮಾಡ್ದ, ಆಮೇಲೆ ನೀವೇನ್ ಮಾಡಿದ್ರಿ, ಡ್ಯೂಟೀಲಿ ಯಾರಿದ್ರು, ಅಷ್ಟೇ ಬರೀರಿ, "ಹಠ", "ಕೊಬ್ಬು" ಅಂತೆಲ್ಲ ಬೇಡ. ಡಾಕ್ಟರ್ ಹತ್ರ ಹೋಗುವಾಗ ಆ ನೋಟ್‌ಬುಕ್ ಕೈಯಲ್ಲಿರ್ಲಿ.