ಪ್ಲಾಸ್ಮಾದಿಂದ ಅಯಾನ್ ಕಿರಣವನ್ನು ಹೇಗೆ ಹೊರಗೆ ಎಳೆಯುತ್ತಾರೆ? ವೋಲ್ಟೇಜ್ ಜಾಸ್ತಿ ಮಾಡಿದರೆ ಸಾಲದೇ?

ನೀವು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೀರಿ, 2007ರಲ್ಲಿ ಹಾರಿದ ನಾಸಾದ ಡಾನ್ ಬಾಹ್ಯಾಕಾಶ ನೌಕೆಯ ಅಯಾನ್ ಎಂಜಿನ್ ಬಗ್ಗೆ ಓದಿ ಈ ಪ್ರಶ್ನೆ ಹುಟ್ಟಿತು ಎಂದು ಬರೆದಿದ್ದೀರಿ. ಪ್ಲಾಸ್ಮಾ (ಅಯಾನು, ಅಂದರೆ ವಿದ್ಯುದಾವೇಶವಿರುವ ಪರಮಾಣು, ಮತ್ತು ಬಿಡಿ ಎಲೆಕ್ಟ್ರಾನುಗಳು ಬೆರೆತ ಅನಿಲ) ತುಂಬಿದ ಡಬ್ಬಿ, ಅದಕ್ಕೊಂದು ತೂತು, ಎದುರಿಗೆ ಇನ್ನೊಂದು ತೂತಿನ ತಟ್ಟೆ, ನಡುವೆ ವೋಲ್ಟೇಜ್. ಇಷ್ಟೇ ಅಲ್ವಾ, ಮತ್ತೆ ಕಿರಣ ಯಾಕೆ ಹರಡಿಕೊಳ್ಳುತ್ತದೆ ಎನ್ನುವುದು ನಿಮ್ಮ ಪ್ರಶ್ನೆ. ನಾನೂ ಹಾಸನದವನೇ. ಊರಿಗೆ ಮರಳುವ ಮೊದಲು ಹಲವು ವರ್ಷ ಒಂದು ಲ್ಯಾಬಿನಲ್ಲಿ ಅಯಾನ್ ಸೋರ್ಸ್, ಅಂದರೆ ಇಂಥದೇ ಕಿರಣ ಹುಟ್ಟಿಸುವ ಉಪಕರಣ, ನೋಡಿಕೊಳ್ಳುತ್ತಿದ್ದೆ. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡಬೇಕು. ನೀವು ಕೊಟ್ಟ ವೋಲ್ಟೇಜ್ ಪ್ಲಾಸ್ಮಾದ ಒಳಗೆ ಹೋಗಿ ಅಯಾನುಗಳನ್ನು ಹಿಡಿದು ಎಳೆಯುವುದಿಲ್ಲ. ಪ್ಲಾಸ್ಮಾದಲ್ಲಿ ಎಲೆಕ್ಟ್ರಾನುಗಳು ಸರಸರ ಓಡಾಡಿಕೊಂಡಿರುತ್ತವೆ. ಹೊರಗಿನ ವಿದ್ಯುತ್ ಕ್ಷೇತ್ರ ಬಂದ ತಕ್ಷಣ ಅವು ಜಾಗ ಬದಲಿಸಿ ಅದನ್ನು ಅಂಚಿನಲ್ಲೇ ತಡೆದುಬಿಡುತ್ತವೆ. ಅಯಾನುಗಳು ತಾವಾಗಿಯೇ ಆ ಅಂಚಿಗೆ ಬರಬೇಕು. ಅಂಚು ದಾಟಿದ ಮೇಲೆ ಮಾತ್ರ ಎಳೆತ. ಎಷ್ಟು ಅಯಾನುಗಳು ಅಂಚಿಗೆ ಬರುತ್ತವೆ ಎನ್ನುವುದು ಪ್ಲಾಸ್ಮಾದ ಸಾಂದ್ರತೆ ಮತ್ತು ಎಲೆಕ್ಟ್ರಾನುಗಳ ಬಿಸಿಯ ಮೇಲೆ ನಿಂತಿದೆ. ನಿಮ್ಮ ವೋಲ್ಟೇಜಿನ ಮೇಲಲ್ಲ.

ಇನ್ನು ಅಂಚು ದಾಟಿದವುಗಳ ಕಥೆ. ದೀಪಾವಳಿ ಸಮಯದಲ್ಲಿ ಹಾಸನಾಂಬೆ ದರ್ಶನದ ಸಾಲಿನಲ್ಲಿ ನೀವು ನಿಂತಿರಬಹುದು. ಬ್ಯಾರಿಕೇಡ್ ಒಳಗೆ ಆಗಲೇ ಇರುವ ಜನರೇ ಹಿಂದಿನವರನ್ನು ತಡೆಯುತ್ತಾರೆ. ಇಲ್ಲೂ ಹಾಗೆಯೇ. ಎರಡು ತಟ್ಟೆಗಳ ನಡುವೆ ಹೊರಟ ಅಯಾನುಗಳೆಲ್ಲ ಧನ ವಿದ್ಯುತ್ತಿನವು. ಅವು ಹಿಂದೆ ಬರುವವುಗಳನ್ನು ತಳ್ಳುತ್ತವೆ. ಹಾಗಾಗಿ ಆ ಜಾಗದಲ್ಲಿ ಇಂತಿಷ್ಟೇ ಕರೆಂಟ್ ಹರಿಯಬಹುದು ಎಂಬ ಮಿತಿ ಬರುತ್ತದೆ. ಇದನ್ನು ವಿಜ್ಞಾನಿಗಳಾದ ಚೈಲ್ಡ್ 1911ರಲ್ಲಿ, ಲ್ಯಾಂಗ್‌ಮ್ಯೂರ್ 1913ರಲ್ಲಿ ಲೆಕ್ಕ ಹಾಕಿ ತೋರಿಸಿದರು. ವೋಲ್ಟೇಜ್ ಎರಡು ಪಟ್ಟಾದರೆ ಮಿತಿ ಸುಮಾರು 2.8 ಪಟ್ಟು ಏರುತ್ತದೆ. ತಟ್ಟೆಗಳ ಅಂತರ ಅರ್ಧವಾದರೆ ನಾಲ್ಕು ಪಟ್ಟು. ಪ್ರೋಟಾನಿಗೆ (ಹೈಡ್ರೋಜನ್ ಅಯಾನಿಗೆ) 20 ಕಿಲೋವೋಲ್ಟ್, 1 ಸೆಂಟಿಮೀಟರ್ ಅಂತರ ಇಟ್ಟರೆ ಚದರ ಸೆಂಟಿಮೀಟರಿಗೆ 150 ಮಿಲಿಆಂಪಿಯರ್ ಆಸುಪಾಸು. 5 ಮಿಲಿಮೀಟರಿನ ತೂತಿನಿಂದ ಹೆಚ್ಚೆಂದರೆ 30 ಮಿಲಿಆಂಪಿಯರ್ ಬರುತ್ತದೆ. ಡಾನ್ ಬಳಸಿದ ಕ್ಸೆನಾನ್ ಅನಿಲವಾದರೆ ಅದರ ಹನ್ನೊಂದನೇ ಒಂದು ಭಾಗವೂ ಇಲ್ಲ, ಅಯಾನು ಅಷ್ಟು ಭಾರ. ಡಾನ್ ಎಂಜಿನ್ನಿನ ತಟ್ಟೆಗಳಲ್ಲಿ, ಅಂದರೆ ಗ್ರಿಡ್‌ಗಳಲ್ಲಿ ಸಾವಿರಾರು ಸಣ್ಣ ತೂತುಗಳಿರುವುದು, ಗ್ರಿಡ್‌ಗಳ ನಡುವೆ ಒಂದು ಮಿಲಿಮೀಟರ್ ಕೂಡ ಜಾಗವಿಲ್ಲದಿರುವುದು ಇದೇ ಕಾರಣಕ್ಕೆ.

ಈಗ ನಿಮ್ಮ ಪ್ರಶ್ನೆಯ ತಿರುಳು. ಪ್ಲಾಸ್ಮಾ ಒಂದು ಸಂಖ್ಯೆಯಷ್ಟು ಅಯಾನು ಕಳಿಸುತ್ತಿದೆ, ತಟ್ಟೆಗಳ ನಡುವಿನ ಜಾಗ ಇನ್ನೊಂದು ಸಂಖ್ಯೆಯನ್ನು ಮಾತ್ರ ಒಯ್ಯಬಲ್ಲದು. ಇವೆರಡು ಸರಿಹೋಗಬೇಕಲ್ಲ? ಸರಿಹೋಗುತ್ತವೆ, ಪ್ಲಾಸ್ಮಾದ ಅಂಚೇ ಜರುಗುತ್ತದೆ. ಈ ಅಂಚಿಗೆ ಮೆನಿಸ್ಕಸ್ ಎನ್ನುತ್ತಾರೆ. ಅದು ಲೋಹದ್ದಲ್ಲ, ಲೇತಿನಲ್ಲಿ ಕಡೆದು ಮಾಡಿದ್ದಲ್ಲ. ಆದರೆ ಕಿರಣ ಹುಟ್ಟುವ ಮೇಲ್ಮೈ ಅದೇ. ಪ್ಲಾಸ್ಮಾ ದಟ್ಟವಾಗಿದ್ದರೆ ತುಂಬಿ ತುಳುಕುವ ಲೋಟದ ನೀರಿನಂತೆ ಅದು ತೂತಿನಿಂದ ಆಚೆ ಉಬ್ಬುತ್ತದೆ. ಅಯಾನುಗಳು ಆ ಉಬ್ಬಿಗೆ ನೆಟ್ಟಗೆ ಹೊರಡುತ್ತವೆ, ಹುಟ್ಟುತ್ತಲೇ ಚದುರುತ್ತವೆ. ಪ್ಲಾಸ್ಮಾ ತೆಳುವಾಗಿದ್ದರೆ ಅಂಚು ಬಟ್ಟಲಿನಂತೆ ಆಳಕ್ಕೆ ಸರಿಯುತ್ತದೆ. ಆಗ ಕಿರಣಗಳು ಬೇಗ ಒಂದೆಡೆ ಸೇರಿ, ಒಂದನ್ನೊಂದು ದಾಟಿ, ಮತ್ತೆ ಹರಡುತ್ತವೆ. ನಮಗೆ ಬೇಕಾದದ್ದು ಸ್ವಲ್ಪವೇ ತಗ್ಗಿದ ಅಂಚು. ಅದು ಸಿಗುವುದು ಸಾಂದ್ರತೆ ಮತ್ತು ವೋಲ್ಟೇಜ್ ಒಂದಕ್ಕೊಂದು ಹೊಂದಿದಾಗ ಮಾತ್ರ. ವೋಲ್ಟೇಜ್ ಒಂದನ್ನೇ ಏರಿಸುತ್ತಾ ಹೋದರೆ ಕಿರಣ ಒಂದು ಹಂತದವರೆಗೆ ಸಣ್ಣಗಾಗಿ, ಆಮೇಲೆ ಕೆಡುತ್ತದೆ. ತೂತಿನ ಅಂಚನ್ನು ಓರೆಯಾಗಿ ಕಡೆಯುವುದೂ ಇದಕ್ಕೆ ನೆರವಾಗುತ್ತದೆ. ಎಂಜಿನಿಯರ್ ಪಿಯರ್ಸ್ 1940ರಲ್ಲಿ ಎಲೆಕ್ಟ್ರಾನ್ ಕಿರಣಕ್ಕೆ ಕಂಡುಕೊಟ್ಟ 67.5 ಡಿಗ್ರಿ ಕೋನ ಅಯಾನಿಗೂ ಒಳ್ಳೆಯ ಆರಂಭ.

ಎದುರಿನ ತಟ್ಟೆ ಒಂದೇ ಸಾಕೇ? ಸಾಲದು. ಮಧ್ಯೆ ಋಣ ವೋಲ್ಟೇಜಿನ ಇನ್ನೊಂದು ತಟ್ಟೆ ಬೇಕು. ಅದಕ್ಕೆ ಸಪ್ರೆಸರ್ ಎನ್ನುತ್ತಾರೆ. ಇದರ ಬೆಲೆ ನನಗೆ ಗೊತ್ತಾದದ್ದು ಒಂದು ರಾತ್ರಿ ಪಾಳಿಯಲ್ಲಿ. ಸೋರ್ಸಿನ ಕರೆಂಟ್ ಮೀಟರ್ ಹಿಂದೆಂದೂ ಕಾಣದಷ್ಟು ಮೇಲೆ ಹೋಗಿತ್ತು. ಎಲ್ಲರಿಗೂ ಖುಷಿ. ಆದರೆ ಕಿರಣದ ಕೊನೆಯಲ್ಲಿ ಬಂದು ತಲುಪಿದ ಅಯಾನುಗಳ ಕರೆಂಟ್ ಅಳೆಯುವ ಫ್ಯಾರಡೇ ಕಪ್‌ನಲ್ಲಿ ಏನೂ ಹೆಚ್ಚಾಗಿರಲಿಲ್ಲ. ನೋಡಿದರೆ ಸಪ್ರೆಸರಿನ ಸಪ್ಲೈ ಟ್ರಿಪ್ ಆಗಿತ್ತು. ಕಿರಣದ ಸುತ್ತ ಇದ್ದ ಎಲೆಕ್ಟ್ರಾನುಗಳು ಹಿಂದಕ್ಕೆ, ಸೋರ್ಸಿನ ಕಡೆಗೆ ನುಗ್ಗುತ್ತಿದ್ದವು. ಮೀಟರ್ ಅವನ್ನೂ ಎಣಿಸುತ್ತಿತ್ತು. ಮಾರನೇ ವಾರ ಬಿಚ್ಚಿದಾಗ ಸೋರ್ಸಿನ ಹಿಂಬದಿಯ ತಟ್ಟೆಯಲ್ಲಿ ಸುಟ್ಟ ಕಲೆ ಇತ್ತು.

ಆ ಎಲೆಕ್ಟ್ರಾನುಗಳು ಕಿರಣದ ಶತ್ರುಗಳಲ್ಲ ಎನ್ನುವುದನ್ನೂ ಹೇಳಬೇಕು. ಹೊರಬಂದ ಅಯಾನುಗಳು ಉಳಿದಿರುವ ಗ್ಯಾಸಿಗೆ ಡಿಕ್ಕಿ ಹೊಡೆದು ಎಲೆಕ್ಟ್ರಾನುಗಳನ್ನು ಬಿಡಿಸುತ್ತವೆ. ಅವು ಕಿರಣದೊಳಗೇ ನಿಂತು ಅಯಾನುಗಳ ತಳ್ಳಾಟವನ್ನು ಬಹುಪಾಲು ತಣಿಸುತ್ತವೆ. ಸಪ್ರೆಸರ್ ಅವನ್ನು ಅಲ್ಲೇ ಉಳಿಸುತ್ತದೆ. ಮುಂದೆ ಕಿರಣವನ್ನು ಒಟ್ಟುಗೂಡಿಸಲು ವೋಲ್ಟೇಜಿನಿಂದ ಕೆಲಸ ಮಾಡುವ ಐನ್‌ಜೆಲ್ ಲೆನ್ಸ್ ಹಾಕಿದರೆ ಅದರ ವಿದ್ಯುತ್ ಕ್ಷೇತ್ರ ಆ ಜಾಗದ ಎಲೆಕ್ಟ್ರಾನುಗಳನ್ನು ಹೀರಿಬಿಡುತ್ತದೆ. ಸುರುಳಿ ತಂತಿಯ ಸೊಲೆನಾಯ್ಡ್ ಮ್ಯಾಗ್ನೆಟ್ ಹಾಗೆ ಮಾಡುವುದಿಲ್ಲ. ಕರೆಂಟ್ ಜಾಸ್ತಿ ಇರುವಲ್ಲಿ ನಾನು ಸೊಲೆನಾಯ್ಡನ್ನೇ ಆರಿಸುತ್ತಿದ್ದೆ. ಯಾವ ಲೆನ್ಸ್ ಹಾಕಿದರೂ ಮೆನಿಸ್ಕಸ್ಸಿನಲ್ಲಿ ಕೆಟ್ಟದ್ದನ್ನು ಪೂರ್ತಿ ಸರಿ ಮಾಡಲಾಗದು.

ದಯವಿಟ್ಟು ಹಾಸ್ಟೆಲಿನಲ್ಲಿ ಇದನ್ನು ಕಟ್ಟಲು ಹೋಗಬೇಡಿ. 20 ಕಿಲೋವೋಲ್ಟ್ ಜೀವ ತೆಗೆಯುತ್ತದೆ, ಹಿಂದಕ್ಕೆ ನುಗ್ಗುವ ಎಲೆಕ್ಟ್ರಾನುಗಳಿಂದ ಎಕ್ಸ್-ರೇ ಕೂಡ ಬರುತ್ತದೆ. ಅಯಾನ್ ಕಿರಣವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಐಬಿಸಿಮು (IBSimu) ಎಂಬ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ಮೇಲೆ ಹೇಳಿದ 5 ಮಿಲಿಮೀಟರ್ ತೂತು, 1 ಸೆಂಟಿಮೀಟರ್ ಅಂತರ, 20 ಕಿಲೋವೋಲ್ಟ್ ಹಾಕಿ. ವೋಲ್ಟೇಜ್ ಮುಟ್ಟದೆ ಪ್ಲಾಸ್ಮಾ ಸಾಂದ್ರತೆಯನ್ನು ಮಾತ್ರ ನಿಧಾನವಾಗಿ ಏರಿಸಿ. ಬಟ್ಟಲಿನಂತಿದ್ದ ಅಂಚು ಚಪ್ಪಟೆಯಾಗಿ, ಆಮೇಲೆ ಉಬ್ಬುವುದು ನಿಮಗೇ ಕಾಣುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೇಳಿ.