ಸೆಕೆಂಡ್‌ಹ್ಯಾಂಡ್ ಮಾದರಿ ರೈಲು ಎಂಜಿನ್‌ಗೆ ಹೊಸ ಬಣ್ಣ ಬಳಿದು, ಧೂಳು-ಮಸಿ ಹಿಡಿದ ಕಳೆ ತರುವುದು ಹೇಗೆ?

ನಿಮ್ಮ ಕೈಗೆ ಬಂದಿರುವುದು ಅಮೆರಿಕದ ಆಲ್ಕೊ ಡೀಸೆಲ್ ಎಂಜಿನ್‌ನ ಹಳೆಯ ಎಚ್‌ಒ ಮಾದರಿ, ಅಂದರೆ 1:87 ಅಳತೆಯದು. ಅದಕ್ಕೆ ಕೆಂಪು ಮೈ, ನಡುವೆ ಹಳದಿ ಪಟ್ಟಿ ಬರಬೇಕು, ನೋಡಿದರೆ ವರ್ಷಗಟ್ಟಲೆ ಗೂಡ್ಸ್ ಎಳೆದಂತೆ ಕಾಣಬೇಕು ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಮೊದಲು ಎಂಜಿನ್ ಸರಿಯಾಗಿ ಓಡುತ್ತದೆಯೇ ನೋಡಿ. 12 ವೋಲ್ಟ್ ಡಿಸಿಯಲ್ಲಿ ಹಿಂದಕ್ಕೂ ಮುಂದಕ್ಕೂ ಹದಿನೈದು ಹದಿನೈದು ನಿಮಿಷ ಓಡಿಸಿ. ಚಕ್ರ ಒಂದು ಸುತ್ತು ಬಂದಾಗಲೆಲ್ಲ 'ಟಕ್' ಎಂದು ಸದ್ದು ಬಂದರೆ ಆಕ್ಸಲ್‌ನ ಪ್ಲಾಸ್ಟಿಕ್ ಗೇರ್ ಸೀಳಿರುವ ಸಾಧ್ಯತೆ ಹೆಚ್ಚು, ಅದನ್ನು ಬದಲಿಸಿಕೊಳ್ಳಿ. ಛಾಸಿಯ ಲೋಹದಲ್ಲಿ ಕೂದಲಿನಂಥ ಬಿರುಕು, ಉಬ್ಬು ಕಂಡರೆ ಸತುವಿನ ಮಿಶ್ರಲೋಹ ಒಳಗಿಂದಲೇ ಹಾಳಾಗುತ್ತಿದೆ ಎಂದರ್ಥ. ಅದಕ್ಕೆ ಮದ್ದಿಲ್ಲ. ಅಂಥದ್ದರ ಮೇಲೆ ವಾರಗಟ್ಟಲೆ ಬಣ್ಣದ ಕೆಲಸ ಮಾಡಬೇಡಿ.

ಬಾಡಿಯನ್ನು ಛಾಸಿಯಿಂದ ಬಿಡಿಸುವಾಗ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಎರಡೂ ಬದಿಯ ಸಂದಿಗೆ ನಾಲ್ಕೈದು ಟೂತ್‌ಪಿಕ್ ತೂರಿಸಿದರೆ ಕ್ಲಿಪ್‌ಗಳು ತಾವಾಗಿಯೇ ಬಿಡುತ್ತವೆ. ಕಿಟಕಿ ಗಾಜು, ಬಲ್ಬು, ಕೈಹಿಡಿ ಕಂಬಿ ಎಲ್ಲ ತೆಗೆದಿಡಿ. ಒಂದೊಂದು ಹಂತಕ್ಕೂ ಫೋಟೊ ತೆಗೆದುಕೊಳ್ಳಿ.

ಹಳೆಯ ಬಣ್ಣ ತೆಗೆಯಲು ನಾನು ಮೊದಲು ಕೈಹಾಕುವುದು 99% ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ. ಬಾಡಿಯ ಒಳಮೈಗೆ ಒಂದು ಹನಿ ಹಚ್ಚಿ ಅರ್ಧ ಗಂಟೆ ಬಿಡಿ. ಪ್ಲಾಸ್ಟಿಕ್ ಮೆತ್ತಗಾಗದಿದ್ದರೆ, ಬಿರುಕು ಬಿಡದಿದ್ದರೆ ಮುಚ್ಚಳವಿರುವ ಡಬ್ಬಿಯಲ್ಲಿ ಮುಳುಗಿಸಿ. ಅರ್ಧ ಗಂಟೆಗೊಮ್ಮೆ ತೆಗೆದು ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರಬಾರದು. ಅದಕ್ಕೂ ಜಗ್ಗದ ಬಣ್ಣಕ್ಕೆ ನೀರು ಬೆರೆಸದ ಡೆಟಾಲ್‌ನಲ್ಲಿ ಒಂದು ದಿನ ನೆನೆಸಬಹುದು. ಇಲ್ಲಿ ಬಹಳ ಜನ ಎಡವುತ್ತಾರೆ: ಡೆಟಾಲ್‌ನಿಂದ ತೆಗೆದದ್ದೇ ನಲ್ಲಿ ಕೆಳಗೆ ಹಿಡಿಯುತ್ತಾರೆ. ನೀರು ಸೋಕಿದೊಡನೆ ಕರಗಿದ ಬಣ್ಣ ಡಾಂಬರಿನ ಹಾಗೆ ಗಟ್ಟಿಯಾಗಿ ಸಂದಿಸಂದಿಗೂ ಅಂಟಿಕೊಳ್ಳುತ್ತದೆ. ಹೊಸ ಡೆಟಾಲ್‌ನಲ್ಲೇ ಉಜ್ಜಿ ಪೂರ್ತಿ ಬಿಡಿಸಿದ ಮೇಲಷ್ಟೇ ಪಾತ್ರೆ ತೊಳೆಯುವ ಲಿಕ್ವಿಡ್, ಆಮೇಲೆ ನೀರು. ಅಸಿಟೋನ್, ನೇಲ್‌ಪಾಲಿಶ್ ರಿಮೂವರ್, ಎನ್‌ಸಿ ತಿನ್ನರ್ ಮಾತ್ರ ಬೇಡವೇ ಬೇಡ, ಬಾಡಿಯೇ ಕರಗಿಹೋಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಹಳೆ ಬಣ್ಣದ ಛಾಯೆ ಉಳಿದರೆ ಚಿಂತೆಯಿಲ್ಲ. ಉಗುರಿಗೆ ತಡೆಯುವ ಅಂಚು ಉಳಿಯಬಾರದು, ಅಷ್ಟೆ. ಒಂದು ದಿನ ಒಣಗಲಿ. ಇಲ್ಲಿಂದ ಮುಂದೆ ಗ್ಲೌಸ್ ಇಲ್ಲದೆ ಮುಟ್ಟಬೇಡಿ. ಬೆರಳಿನ ಜಿಡ್ಡು ತಗುಲಿದ ಕಡೆ ಪ್ರೈಮರ್ ಹಿಡಿಯುವುದಿಲ್ಲ.

ನಿಮಗೆ ಬೇಕಿರುವುದು ಹಳದಿ, ಕೆಂಪು. ಹಾಗಾಗಿ ಪ್ರೈಮರ್ ಬಿಳಿಯದೇ ಇರಲಿ. ಗಾಢ ಬೂದು ಪ್ರೈಮರ್ ಮೇಲೆ ಹಳದಿ ಹಸಿರುಹಸಿರಾಗಿ ಕಾಣುತ್ತದೆ, ಅದನ್ನು ಮುಚ್ಚಲು ಪದರದ ಮೇಲೆ ಪದರ ಹಾಕಿದರೆ ಜಾಲರಿ, ರಿವೆಟ್ ಎಲ್ಲ ತುಂಬಿಹೋಗುತ್ತವೆ. ಸ್ಪ್ರೇ ಡಬ್ಬಿಯಾದರೆ ಐದು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಚೆನ್ನಾಗಿ ಅಲುಗಾಡಿಸಿ, 20–25 ಸೆಂ.ಮೀ. ದೂರದಿಂದ ಹೊಡೆಯಿರಿ. ಬಾಡಿಯ ಆಚೆ ಶುರುಮಾಡಿ ಈಚೆ ನಿಲ್ಲಿಸಬೇಕು. ಒಂದೇ ಸಲ ಮುಚ್ಚುವ ಆಸೆ ಬೇಡ, ಹತ್ತು ಹದಿನೈದು ನಿಮಿಷದ ಅಂತರದಲ್ಲಿ ಮೂರು ತೆಳು ಪದರ ಸಾಕು.

ಮಂಗಳೂರು, ಉಡುಪಿ ಕಡೆಯವರಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ವಾರ್ನಿಷ್ ಕೆಲಸ ಮುಂದಕ್ಕೆ ಹಾಕುವುದೇ ಒಳ್ಳೆಯದು. ಸಾಲ್ವೆಂಟ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಂಜು ಕಟ್ಟುತ್ತದೆ.

ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಉಪಕರಣ) ಇದ್ದರೆ 0.3 ಮಿ.ಮೀ. ನಾಜಲ್, ಗಾಳಿಯ ಒತ್ತಡ 15–20 ಪಿಎಸ್‌ಐ. ಟಾಮಿಯಾ ಕಂಪನಿಯ ಅಕ್ರಿಲಿಕ್ ಬಣ್ಣ ಒಂದು ಭಾಗಕ್ಕೆ ಅದರದೇ ತಿನ್ನರ್ ಒಂದರಿಂದ ಒಂದೂವರೆ ಭಾಗ. ಬಟ್ಟಲಿನ ಅಂಚಿನಲ್ಲಿ ಹಾಲಿನಂತೆ ಇಳಿಯಬೇಕು. ದೂರ 8–10 ಸೆಂ.ಮೀ. ಒಣಗಿದ ಮೇಲೆ ಸ್ಯಾಂಡ್‌ಪೇಪರ್‌ನಂತೆ ತರಿತರಿಯಾದರೆ ನೀವು ದೂರದಿಂದ ಹೊಡೆದಿದ್ದೀರಿ, ಬಣ್ಣ ಗಾಳಿಯಲ್ಲೇ ಒಣಗಿದೆ. ಜೇಡನ ಕಾಲಿನಂತೆ ಹರಡಿದರೆ ಒಂದೋ ಬಣ್ಣ ತೀರಾ ತೆಳ್ಳಗಾಗಿದೆ, ಇಲ್ಲವೇ ತೀರಾ ಹತ್ತಿರ ಹೋಗಿದ್ದೀರಿ.

ಮೊದಲು ಹಳದಿ. ಪಟ್ಟಿ ಬರುವ ಜಾಗಕ್ಕಿಂತ ಅಗಲವಾಗಿ ಹೊಡೆದು ಒಂದು ದಿನ ಪೂರ್ತಿ ಒಣಗಲು ಬಿಡಿ. ನಿಜದ ಎಂಜಿನ್‌ನಲ್ಲಿ 30 ಸೆಂ.ಮೀ. ಅಗಲದ ಪಟ್ಟಿ ಇದ್ದರೆ ನಿಮ್ಮದರಲ್ಲಿ ಸುಮಾರು 3.5 ಮಿ.ಮೀ. ಬರುತ್ತದೆ. ಮಾಸ್ಕಿಂಗ್ ಟೇಪನ್ನು ಗಾಜಿನ ಮೇಲೆ ಅಂಟಿಸಿ ಹೊಸ ಬ್ಲೇಡಿನಿಂದ ಆ ಅಳತೆಗೆ ಕತ್ತರಿಸಿ, ಏಕೆಂದರೆ ರೋಲ್‌ನ ಅಂಚಿಗೆ ಧೂಳು ಮೆತ್ತಿರುತ್ತದೆ. ಅದನ್ನು ಹಳದಿ ಪಟ್ಟಿ ಉಳಿಯಬೇಕಾದ ಜಾಗದ ಮೇಲೆ ಅಂಟಿಸಿ, ಬಾಗಿಲಿನ ಕೀಲು, ಜಾಲರಿ ಇರುವ ಕಡೆ ಟೂತ್‌ಪಿಕ್‌ನಿಂದ ಒತ್ತಿ ಕೂರಿಸಿ. ಆಮೇಲೆ ಕೆಂಪಿಗೆ ಹೋಗುವ ಮೊದಲು ಟೇಪಿನ ಅಂಚಿನ ಮೇಲೆ ಮತ್ತೊಮ್ಮೆ ತೆಳ್ಳಗೆ ಹಳದಿಯನ್ನೇ ಹೊಡೆಯಿರಿ. ಸೋರುವುದಿದ್ದರೆ ಹಳದಿಯೇ ಸೋರಿ ಸಂದಿ ಮುಚ್ಚುತ್ತದೆ, ಕೆಂಪಿಗೆ ದಾರಿ ಸಿಗುವುದಿಲ್ಲ. ಇದೊಂದು ಹೆಜ್ಜೆ ಬಿಟ್ಟವರ ಪಟ್ಟಿಯ ಅಂಚು ಗರಗಸದಂತಾಗಿರುವುದನ್ನು ಎಷ್ಟೋ ಫೋಟೊಗಳಲ್ಲಿ ನೋಡಬಹುದು. ಕೆಂಪು ಮುಟ್ಟಿದರೆ ಅಂಟದಷ್ಟು ಆರಿದ ಮೇಲೆ ಟೇಪನ್ನು ಅದರ ಮೇಲೇ ಮಡಚಿಕೊಂಡು ನಿಧಾನವಾಗಿ ಎಳೆಯಿರಿ.

ನಂಬರು, ಅಕ್ಷರಗಳ ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಅಚ್ಚು ಹಾಳೆ) ಅಂಟಿಸುವ ಮೊದಲು ಹೊಳಪಿನ ವಾರ್ನಿಷ್ ಬೇಕೇ ಬೇಕು. ಮ್ಯಾಟ್ ಬಣ್ಣದ ತರಿಗಳ ನಡುವೆ ಗಾಳಿ ಸಿಕ್ಕಿಕೊಂಡು ಡಿಕಾಲ್ ಸುತ್ತ ಬೆಳ್ಳಿಯಂತೆ ಮಿನುಗುತ್ತದೆ. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಅಕ್ಷರ ಬರುವುದಿಲ್ಲ, ಬಿಳಿ ಬೇಕಾದರೆ ಮಾಡಿಸಿ ತರಿಸಬೇಕು.

ಇನ್ನು ವೆದರಿಂಗ್, ಅಂದರೆ ಧೂಳು-ಮಸಿ ಹಿಡಿದ ಕಳೆ ತರುವ ಕೆಲಸ. ಎಲ್ಲ ಕಡೆ ಒಂದೇ ಸಮ ಕಂದು ನೀರು ಬಳಿದರೆ ಎಂಜಿನ್ ಕೆಸರಿಗೆ ಬಿದ್ದೆದ್ದಂತೆ ಕಾಣುತ್ತದೆ, ದುಡಿದಂತೆ ಕಾಣುವುದಿಲ್ಲ. ಕೊಳೆ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಂಡೇ ಬ್ರಷ್ ಹಿಡಿಯಿರಿ. ಆಲ್ಕೊ ಎಂಜಿನ್ ಎಳೆಯಲು ಶುರುಮಾಡಿದಾಗ ಡೀಸೆಲ್ ಮೊದಲು ಹೋಗುತ್ತದೆ, ಒಳಗೆ ಗಾಳಿ ನೂಕುವ ಟರ್ಬೊ ವೇಗ ಹಿಡಿಯುವುದು ಆಮೇಲೆ. ಆ ನಡುವೆ ಗಾಳಿ ಸಾಲದೆ ದಟ್ಟ ಕಪ್ಪು ಹೊಗೆ ಉಗುಳುತ್ತದೆ. ಆದ್ದರಿಂದ ಮಸಿ ಹೊಗೆಕೊಳವೆಯ ಬಾಯಲ್ಲಿ ಕಡುಕಪ್ಪಾಗಿದ್ದು ಚಾವಣಿಯುದ್ದಕ್ಕೂ ತೆಳುವಾಗುತ್ತ ಹೋಗಬೇಕು. ಬೋಗಿಗಳು (ಇಲ್ಲಿ ಡಬ್ಬಿಯಲ್ಲ, ಎಂಜಿನ್ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ಕಪ್ಪಗಿರುವುದಿಲ್ಲ, ಎರಕದ ಕಬ್ಬಿಣದ ಬ್ರೇಕ್ ಬ್ಲಾಕ್ ತೇದ ಪುಡಿ ತುಕ್ಕು ಹಿಡಿದು ಕಂದಾಗಿರುತ್ತದೆ. ಡೀಸೆಲ್ ತುಂಬುವ ಬಾಯಿಯ ಕೆಳಗೆ ಮಾತ್ರ ಒದ್ದೆಯಂತೆ ಹೊಳೆಯುವ ಕಪ್ಪು ಕಲೆ.

ಮೊದಲು ಇಡೀ ಬಾಡಿಗೆ, ಅಕ್ಷರಗಳ ಮೇಲೂ ಸೇರಿ, ಒಂಬತ್ತು ಭಾಗ ತಿನ್ನರ್‌ಗೆ ಒಂದು ಭಾಗ ತಿಳಿ ಮಣ್ಣುಬಣ್ಣ ಬೆರೆಸಿ ಮೇಲಿನಿಂದ ಒಂದು ಮಂಜು ಹೊಡೆಯಿರಿ. ಬಿಸಿಲಿಗೆ ಮೈ ಬಾಡಿದಷ್ಟೇ ಅಕ್ಷರವೂ ಬಾಡಬೇಕಲ್ಲವೇ. ಬರ್ನ್ಟ್ ಅಂಬರ್ (ಕಡುಕಂದು) ಆಯಿಲ್ ಪೇಂಟನ್ನು ಕಡಲೆಕಾಳಿನಷ್ಟು ರಟ್ಟಿನ ಮೇಲೆ ಅರ್ಧ ಗಂಟೆ ಇಟ್ಟು ಎಣ್ಣೆ ಹೀರಲು ಬಿಡಿ, ನಂತರ ವಾಸನೆಯಿಲ್ಲದ ಮಿನರಲ್ ಸ್ಪಿರಿಟ್‌ನಲ್ಲಿ (ಟರ್ಪೆಂಟೈನ್ ಬದಲು ಬಳಸುವ ತಿನ್ನರ್) ಚಹಾದಷ್ಟು ತೆಳ್ಳಗೆ ಮಾಡಿ. ಸಣ್ಣ ಬ್ರಷ್ ತುದಿಯಿಂದ ಬಾಗಿಲಿನ ಗೆರೆಗೆ ಮುಟ್ಟಿಸಿದರೆ ಅದೇ ಸಂದಿಯುದ್ದಕ್ಕೂ ಓಡುತ್ತದೆ. ಇಪ್ಪತ್ತು ನಿಮಿಷ ಬಿಟ್ಟು, ಒದ್ದೆ ಮಾಡಿ ಒರೆಸಿದ ಚಪ್ಪಟೆ ಬ್ರಷ್‌ನಿಂದ ಮೇಲಿಂದ ಕೆಳಗೆ ಎಳೆಯಿರಿ. ಮಳೆನೀರು ಇಳಿಸಿದ ಗೆರೆ ತಾನಾಗಿ ಮೂಡುತ್ತದೆ. ಇದು ಎರಡು ದಿನ ಒಣಗಲಿ. ಆಮೇಲೆ ಮ್ಯಾಟ್ ವಾರ್ನಿಷ್, ಅದರ ಮೇಲೆ ಪುಡಿ. ಒಣ ಪ್ಯಾಸ್ಟೆಲ್ ಕಡ್ಡಿಯನ್ನು ಸ್ಯಾಂಡ್‌ಪೇಪರ್ ಮೇಲೆ ತೇದರೆ ಪುಡಿ ಸಿಗುತ್ತದೆ, ಆಯಿಲ್ ಪ್ಯಾಸ್ಟೆಲ್ ಆಗುವುದಿಲ್ಲ. ಪುಡಿಯ ಮೇಲೆ ಮತ್ತೆ ವಾರ್ನಿಷ್ ಹೊಡೆದರೆ ಅರ್ಧಕ್ಕರ್ಧ ಮಾಯವಾಗುತ್ತದೆ, ಅದಕ್ಕೇ ಸ್ವಲ್ಪ ಹೆಚ್ಚೇ ಹಚ್ಚಿರಬೇಕು.

ಚಕ್ರದ ಮುಖಕ್ಕೆ ಬಣ್ಣ ಬಳಿಯಬಹುದು, ಹಳಿಗೆ ತಾಗುವ ಅಂಚಿಗೂ ಕರೆಂಟ್ ಪಡೆಯುವ ತಗಡಿಗೂ ಬೇಡ. ಜೋಡಿಸಿದ ಮೇಲೆ ಆ ಅಂಚನ್ನು ಹತ್ತಿ ಕಡ್ಡಿಗೆ ಐಸೊಪ್ರೊಪೈಲ್ ತಾಗಿಸಿ ಒರೆಸಿ. ಆಗ ಬಾಡಿಗೆ ಮಾತ್ರ ಒಂದು ಹನಿಯೂ ಸಿಡಿಯದಂತೆ ನೋಡಿಕೊಳ್ಳಿ, ಮ್ಯಾಟ್ ವಾರ್ನಿಷ್ ಮೇಲೆ ಅದು ಬಿದ್ದಲ್ಲಿ ಬಿಳಿ ಕಲೆ ಏಳುತ್ತದೆ.