ಚರ್ಚಿನ ಕಳವು, ಎರಡನೇ ಭಾಗ

ಪ್ರಶ್ನೆ: ನನ್ನ ಗೂಢಚಾರಿಕೆ ಕಾದಂಬರಿಯ ಎರಡನೇ ಭಾಗದಲ್ಲಿ ವಿಚಿತ್ರ ಸ್ವಭಾವದವರ ತಂಡವೊಂದು ಯುರೋಪಿನ ಚರ್ಚಿನಿಂದ ಹಳೆಯ ಮರದ ಹಲಗೆಚಿತ್ರ ಕದಿಯುತ್ತದೆ. ತಂಡದಲ್ಲೊಬ್ಬ ಪರಮ ದೈವಭಕ್ತ. ನಂಬುವಂತೆ ಬರೆಯುವುದು ಹೇಗೆ?

ಉತ್ತರ: ಬೆಲ್ಜಿಯಂನ ಗೆಂಟ್ ನಗರದ ಕೆಥೆಡ್ರಲ್‌ನಲ್ಲಿ 1934ರ ಏಪ್ರಿಲ್‌ನಲ್ಲಾದ ಕಳವಿನ ಬಗ್ಗೆ ಓದಿ. ಅಲ್ಲಿ ಕಳುವಾದದ್ದು ಒಂದು ಕಾಲದಲ್ಲಿ ಬೆನ್ನಿಗೆ ಬೆನ್ನು ಸೇರಿದ್ದ ಎರಡು ಹಲಗೆಚಿತ್ರಗಳು; ಕಳವಿಗೆ ಮೊದಲೇ ಅವನ್ನು ಸೀಳಿ ಬೇರ್ಪಡಿಸಲಾಗಿತ್ತು. ಹಾಗಾಗಿ ಕದ್ದವರು ಒಂದನ್ನು ಪುರಾವೆಯಾಗಿ ಮರಳಿಸಿ, ಇನ್ನೊಂದಕ್ಕೆ 10 ಲಕ್ಷ ಫ್ರಾಂಕ್ ಕೇಳಿದರು. ಅದು ಇಂದಿಗೂ ಸಿಕ್ಕಿಲ್ಲ!

ಓಕ್ ಹಲಗೆ ಗಾಳಿಯ ತೇವ ದಿಢೀರನೆ ಇಳಿದರೆ ಕುಗ್ಗಿ ಬಾಗುತ್ತದೆ, ಬಣ್ಣ ಚಕ್ಕೆಯೇಳುತ್ತದೆ. ಹೀಟರ್ ಹಾಕಿದ ಕಾರಿನಲ್ಲಿ ಸಾಗಿಸಿದರೆ ಕೆಟ್ಟಂತೆಯೇ. ತಂಡದಲ್ಲಿ ಗೊಣಗುವ ಆಸಾಮಿಯೊಬ್ಬನಿದ್ದರೆ ಅವನನ್ನು ಚಿತ್ರ ಸಂರಕ್ಷಕನನ್ನಾಗಿ ಮಾಡಿ. ಗೊಣಗಾಟಕ್ಕೆ ಕಾರಣ ಸಿಗುತ್ತದೆ. ಭಕ್ತನ ಬಾಯಲ್ಲಿ ಬರೀ ಪ್ರಾರ್ಥನೆ ಸಾಲದು. ಬಲಿಪೀಠದ ಮುಂದೆ ಅವನ ಕೈ ಹಿಂಜರಿಯಲಿ, ಕಾವಲುಗಾರ ಬರುವ ಹೊತ್ತಾಗಲಿ.